ಇನ್ನೊಂದು ಮ್ಯಾಕ್ ಮಿನಿ ತೆಗೆದುಕೊಳ್ಳಬೇಕಾ, ಸಾಕಾ? (ಯಕ್ಷಗಾನ ಆಟದ ವಿಡಿಯೋ ಕೆಲಸಕ್ಕೆ)

ರಾತ್ರಿಯಾಟ, ಬದಿಯಡ್ಕ ಕಡೆ

ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ ಉಂಟು. ಹೊರಗೆ ಆಟಿಯ ಮಳೆ, ಕೈಯಲ್ಲಿ ಕೆಲಸ ಇಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ನಾನು ಯಕ್ಷಗಾನದ ವಿಡಿಯೋ ಮಾಡುವವನು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಮಾಡುತ್ತೇನೆ, ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಆಟಕ್ಕೆ. ದೀಪಾವಳಿ ಕಳೆದು ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ನನಗೆ ರಾತ್ರಿ ಯಾವುದು, ಹಗಲು ಯಾವುದು ಗೊತ್ತಾಗುವುದಿಲ್ಲ. ಮೂರು ಕ್ಯಾಮೆರಾ ಇಡುತ್ತೇನೆ. ಒಂದು ರಂಗಸ್ಥಳಕ್ಕೆ ನೇರ, ಒಂದು ಬದಿಯಿಂದ, ಇನ್ನೊಂದು ಹಿಮ್ಮೇಳಕ್ಕೆ, ಅಂದರೆ ಹಾಡುವ ಭಾಗವತರು, ಚೆಂಡೆ ಮದ್ದಳೆಯವರ ಕಡೆಗೆ. ಈ ಮೂರನೆಯದು ದಂಡ ಖರ್ಚು, ವೇಷ ನೋಡಲಿಕ್ಕಲ್ವಾ ಜನ ಬರುವುದು ಅಂತ ಹೇಳಿದವರು ಸುಮಾರು ಮಂದಿ ಇದ್ದಾರೆ. ನಾನು ಕೇಳಲಿಲ್ಲ. ಭಾಗವತರ ಕೈಯ ಜಾಗಟೆ ಕಾಣದ ಆಟದ ವಿಡಿಯೋ ನನಗೆ ಉಪ್ಪು ಹಾಕದ ಗಂಜಿ ಇದ್ದ ಹಾಗೆ.

ಲೆಕ್ಕ ಹೇಳುತ್ತೇನೆ. 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಇಟ್ಟರೆ ಒಂದು ಕ್ಯಾಮೆರಾಕ್ಕೆ ಗಂಟೆಗೆ 45 ಜಿಬಿ. ಮೂರಕ್ಕೆ 135. ಕಾಲಮಿತಿಯ ಆಟ ನಾಲ್ಕು ಗಂಟೆ ಅಂತ ಹಿಡಿದರೆ 540 ಜಿಬಿ. ಬೆಳಗಿನವರೆಗಿನ ಆಟವಾದರೆ ಸಾವಿರ ದಾಟಿತು. ಇಷ್ಟನ್ನು ಕೂರಿಸಿ, ಮೂರು ಕ್ಯಾಮೆರಾದ ಶಬ್ದ ಹೊಂದಿಸಿ, ಕತ್ತರಿಸಿ, ಮರುದಿನ ಸಂಜೆಯೊಳಗೆ ಕೊಡಬೇಕು. ಯಾಕೆಂದರೆ ಮರುದಿನ ರಾತ್ರಿ ಇನ್ನೊಂದು ಬಯಲಿನಲ್ಲಿ ಇನ್ನೊಂದು ಆಟ.

ಈ ಕೆಲಸಕ್ಕೆ ನನ್ನ ಹತ್ತಿರ ಎರಡು ಮ್ಯಾಕ್ ಮಿನಿ, ಅಂದರೆ ಆಪಲ್ ಕಂಪನಿಯ ಪುಟ್ಟ ಡೆಸ್ಕ್‌ಟಾಪ್, ಇವೆ. ಒಂದು 2012ರ ಮಾಡೆಲ್, ಇನ್ನೊಂದು 2018ರದ್ದು. ಆಪಲ್‌ನದೇ ಸಾಫ್ಟ್‌ವೇರ್ ಫೈನಲ್ ಕಟ್‌ನಲ್ಲಿ ಎಡಿಟಿಂಗ್. ಸಿಡಿಲಿಗೆ ನಮ್ಮಲ್ಲಿ ಎರಡು ಯುಪಿಎಸ್, ಒಂದು ಮೋಡೆಮ್, ಒಂದು ಫ್ರಿಜ್ ಹೋಗಿವೆ. ಈ ಪೆಟ್ಟಿಗೆಗಳಿಗೆ ಎಂತದೂ ಆಗಲಿಲ್ಲ. ಹಾಗಾಗಿ ಮೆಷಿನ್ ಬಗ್ಗೆ ನನ್ನದೊಂದು ದೂರೂ ಇಲ್ಲ ಅಂತ ಮೊದಲೇ ಬರೆದಿಡುತ್ತೇನೆ.

ನಾನು ಕೇಳುತ್ತಿರುವುದು ಆ ಕಂಪನಿಯ ಚರಿತ್ರೆ ನೋಡಿ. 2012ರ ಮಿನಿಯಲ್ಲಿ ನಾಲ್ಕು ಕೋರ್ ಸಿಗುತ್ತಿತ್ತು. ಅಡಿಯ ಮುಚ್ಚಳ ತಿರುಗಿಸಿದರೆ ರ‍್ಯಾಮ್ ನಾವೇ ಹಾಕಬಹುದಿತ್ತು. 2014ರಲ್ಲಿ "ಹೊಸದು" ಬಂತು. ಕೋರ್ ಎರಡೇ. ರ‍್ಯಾಮ್ ಬೋರ್ಡಿಗೇ ಬೆಸುಗೆ. ಹೊಸ ಮಾಡೆಲ್ ಬಂದಾಗ ಹಳೆಯದಕ್ಕೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಡಿಕೆ ಜಾಸ್ತಿಯಾದದ್ದನ್ನು ನಾನು ನೋಡಿದ್ದು ಆಗಲೇ. ಆಮೇಲೆ ನಾಲ್ಕು ವರ್ಷ ಆ ಮಿನಿಯನ್ನು ಮುಟ್ಟಲೇ ಇಲ್ಲ. 2018ರ ಕೊನೆಗೆ ಮುಂದಿನದು ಬಂತು.

ದೊಡ್ಡಣ್ಣ ಮ್ಯಾಕ್ ಪ್ರೋದ ಕತೆ ಇದಕ್ಕಿಂತ ತಮಾಷೆ. 2013ರ ಜೂನ್‌ನಲ್ಲಿ ಆಪಲ್‌ನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ವೇದಿಕೆ ಹತ್ತಿ, ನಮ್ಮಲ್ಲಿ ಹೊಸತನ ಮುಗಿಯಿತು ಅನ್ನುವವರಿಗೆ ಒಂದು ಬೈಗುಳ ಸೇರಿಸಿ ಉತ್ತರ ಕೊಟ್ಟರು. ತೋರಿಸಿದ್ದು ಕಪ್ಪು ಡಬ್ಬಿಯಂಥ ಕಂಪ್ಯೂಟರ್. ಜನ ಅದಕ್ಕೆ ಕಸದ ಬುಟ್ಟಿ ಅಂತ ಹೆಸರಿಟ್ಟರು. ಒಳಗೆ ಎರಡು ಗ್ರಾಫಿಕ್ಸ್ ಚಿಪ್, ಎರಡಕ್ಕೂ ಸೇರಿ ನಡುವೆ ಒಂದೇ ಶಾಖದ ಕಂಬ. ಲೋಕ ಒಂದೇ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಡೆಗೆ ಹೋಯಿತು, ಅದರ ಬಿಸಿಯನ್ನು ತಡೆಯುವ ಜಾಗ ಆ ಡಬ್ಬಿಯಲ್ಲಿ ಇರಲಿಲ್ಲ. ಇದು ಅವರಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟದ್ದು 2017ರ ಏಪ್ರಿಲ್‌ನಲ್ಲಿ, ನಾಲ್ಕೈದು ಪತ್ರಕರ್ತರನ್ನು ಕೂರಿಸಿಕೊಂಡು. ಹೊಸ ಮ್ಯಾಕ್ ಪ್ರೋ ಮಾರಾಟಕ್ಕೆ ಬರುವಾಗ 2019ರ ಡಿಸೆಂಬರ್. ಬೆಲೆ 5,999 ಡಾಲರ್‌ನಿಂದ ಶುರು. ಕೆಳಗೆ ನಾಲ್ಕು ಚಕ್ರ ಬೇಕಾದರೆ 400 ಡಾಲರ್ ಬೇರೆ. ಜೊತೆಗಿನ ಮಾನಿಟರಿಗೆ ಸ್ಟ್ಯಾಂಡ್ ಬೇಕಾದರೆ 999 ಡಾಲರ್. ಆ ಚಕ್ರದ ದುಡ್ಡಿಗೆ ನಮ್ಮ ಪೇಟೆಯಲ್ಲಿ ಓಡುವ ಸ್ಕೂಟರ್ ಸಿಗುತ್ತದೆ ಮಾರಾಯ್ರೆ.

ಫೈನಲ್ ಕಟ್ ಕೂಡ ಹಾಗೆಯೇ. 2011ರಲ್ಲಿ ಹತ್ತನೆಯ ಆವೃತ್ತಿ ಬಂದಾಗ ಅದರಲ್ಲಿ ಮಲ್ಟಿಕ್ಯಾಮ್, ಅಂದರೆ ಹಲವು ಕ್ಯಾಮೆರಾದ ವಿಡಿಯೋವನ್ನು ಒಟ್ಟಿಗೆ ಕತ್ತರಿಸುವ ಸೌಲಭ್ಯ, ಇರಲಿಲ್ಲ. ಹಳೆಯ ಪ್ರಾಜೆಕ್ಟ್ ತೆರೆಯುತ್ತಲೂ ಇರಲಿಲ್ಲ. ಮಲ್ಟಿಕ್ಯಾಮ್ ಬಂದದ್ದು 2012ರ ಜನವರಿಯಲ್ಲಿ. ಮದುವೆ ಫೋಟೋದವರು ನಂಬಿಕೊಂಡಿದ್ದ ಫೋಟೋ ಸಾಫ್ಟ್‌ವೇರ್ ಅಪರ್ಚರ್ ಅನ್ನು 2014ರಲ್ಲಿ ನಿಲ್ಲಿಸುತ್ತೇವೆ ಅಂದರು, ಮರುವರ್ಷ ನಿಲ್ಲಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. 2025ರ ಜೂನ್‌ನಲ್ಲಿ, ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ ಮ್ಯಾಕ್ ಓಎಸ್ ಟಾಹೋ ಕೊನೆಯ ಆವೃತ್ತಿ ಅಂತ ಘೋಷಣೆ ಆಯಿತು. ಆ ಕೊನೆಯ ಬಸ್ಸಿನಲ್ಲೂ 2018ರ ಮಿನಿಗೆ ಸೀಟಿಲ್ಲ. ನನ್ನದು ಅದರ ಹಿಂದಿನ ಸಿಕೋಯಾದಲ್ಲೇ ನಿಂತಿತು. ಆಪಲ್‌ನ ಸ್ವಂತ ಚಿಪ್ ಇರುವ ಎಂ4 ಮಿನಿಗೆ 2025ರಲ್ಲಿ 59,900 ರೂಪಾಯಿ. ಅಷ್ಟು ಕೊಟ್ಟು ಮತ್ತೆ ಇವರನ್ನೇ ನಂಬುವುದಾ, ಅಥವಾ ಪಿಸಿ ಕಟ್ಟಿಸಿ ಡಾವಿಂಚಿ ರಿಸಾಲ್ವ್ ಅನ್ನುವ ಬೇರೆ ಎಡಿಟಿಂಗ್ ಸಾಫ್ಟ್‌ವೇರ್ ಕಲಿಯುವುದಾ, ಅಥವಾ ಇರುವುದನ್ನೇ ಇನ್ನೆರಡು ಸೀಸನ್ ಎಳೆಯುವುದಾ? ಏಳು ವರ್ಷದ ಎಡಿಟಿಂಗ್ ಕೆಲಸ ತುಂಬಿದ ಫೈನಲ್ ಕಟ್ ಲೈಬ್ರರಿಗಳು ಕೂಡ ತಲೆಯ ಮೇಲೆ ಉಂಟು. ಬಲ್ಲವರು ಹೇಳಿ.

*

ನೀರ್ಚಾಲು ಮಾಣಿ, ಈಗ ಬೆಂಗಳೂರು

ಅಣ್ಣ, ನಿಮ್ಮ ಚರಿತ್ರೆ ಸರಿ ಉಂಟು, ಆದರೆ ಅದು 2020ಕ್ಕೆ ಮುಂಚಿನದು. ನಿಮ್ಮ ಕೋಪಕ್ಕೆ ಐದು ವರ್ಷ ತಡವಾಯಿತು.

ಯಾಕೆ ಹಾಗಾಯಿತು ಅನ್ನುವುದಕ್ಕೆ ದೊಡ್ಡ ರಹಸ್ಯ ಇಲ್ಲ. 2007ರ ಜನವರಿಯಲ್ಲಿ ಫೋನ್ ತೋರಿಸಿದ ದಿನವೇ ಆಪಲ್ ತನ್ನ ಹೆಸರಿನಿಂದ "ಕಂಪ್ಯೂಟರ್" ಅನ್ನುವ ಪದವನ್ನು ತೆಗೆದುಹಾಕಿತು. 2024ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಒಟ್ಟು ವ್ಯಾಪಾರ ಸುಮಾರು 391 ಬಿಲಿಯನ್ ಡಾಲರ್. ಅದರಲ್ಲಿ ಫೋನಿನದ್ದು 201, ಮ್ಯಾಕಿನದ್ದು 30. ನೂರು ರೂಪಾಯಿಯಲ್ಲಿ ಎಂಟು ರೂಪಾಯಿ ಕೂಡ ಮ್ಯಾಕಿನದ್ದಲ್ಲ. ಆ ಎಂಟರಲ್ಲೂ ಹೆಚ್ಚಿನದು ಲ್ಯಾಪ್‌ಟಾಪ್. 2017ರ ಆ ಮಾತುಕತೆಯಲ್ಲಿ ಅವರೇ ಹೇಳಿದ ಲೆಕ್ಕದಲ್ಲಿ ನೂರರಲ್ಲಿ 80 ಲ್ಯಾಪ್‌ಟಾಪ್, 20 ಡೆಸ್ಕ್‌ಟಾಪ್. ಮ್ಯಾಕ್ ಪ್ರೋ ಬಳಸುವವರು ಒಂದಂಕಿಯ ಶೇಕಡಾವಾರು ಮಾತ್ರ.

ಆದರೆ 2020ರ ನವೆಂಬರ್‌ನಲ್ಲಿ ಸ್ವಂತ ಚಿಪ್ ಬಂದ ಮೇಲೆ ಮಿನಿಯನ್ನು ಮರೆತಿಲ್ಲ. ಎಂ1 ಆಗ, ಎಂ2 2023ರಲ್ಲಿ, ಎಂ4 2024ರಲ್ಲಿ. ಫೋನಿಗೆ ಮಾಡಿದ ಚಿಪ್ಪಿನ ಕೆಲಸವೇ ಮ್ಯಾಕಿಗೂ ಬರುತ್ತದೆ. ಇಂಟೆಲ್‌ನವರು ಕೊಡಲಿ ಅಂತ ಕಾಯುವ ಕತೆ ಇಲ್ಲ. ಮೊದಲೆಲ್ಲ 8 ಜಿಬಿ ರ‍್ಯಾಮ್ ಕೊಟ್ಟು ಸತಾಯಿಸುತ್ತಿದ್ದರು, ಎಂ4ನಲ್ಲಿ ಬುಡದ ಮಾಡೆಲ್‌ಗೇ 16. ನಿಮ್ಮ ಮೂರು ಕ್ಯಾಮೆರಾ ಅದಕ್ಕೆ ಲೆಕ್ಕಕ್ಕಿಲ್ಲ. ಧೈರ್ಯವಾಗಿ ತೆಗೆದುಕೊಳ್ಳಿ.

ಮ್ಯಾಕ್ ಪ್ರೋ ಬಗ್ಗೆ ಮಾತ್ರ ನಾನು ವಾದ ಮಾಡುವುದಿಲ್ಲ. 2025ರಲ್ಲೂ ಅದು 2023ರ ಎಂ2 ಅಲ್ಟ್ರಾದಲ್ಲೇ ಕೂತಿತ್ತು, 6,999 ಡಾಲರ್. ಅದಕ್ಕಿಂತ ಹೊಸ ಎಂ3 ಅಲ್ಟ್ರಾ ಇರುವ ಮ್ಯಾಕ್ ಸ್ಟುಡಿಯೋ ಆಗ 3,999ಕ್ಕೆ ಸಿಗುತ್ತಿತ್ತು. ಪ್ರೋದಲ್ಲಿ ಸ್ಲಾಟ್ ಇದ್ದರೂ ಗ್ರಾಫಿಕ್ಸ್ ಕಾರ್ಡ್ ಹಾಕಲು ಆಗುತ್ತಿರಲಿಲ್ಲ. ಯಾರಿಗೆ ಅಂತ ಮಾರಿದರೋ.

*

ಅಚ್ಚಿನಮನೆ ಅಕ್ಕ, ಉಪ್ಪಳ

ನಾನು ವಿಡಿಯೋದವಳಲ್ಲ, ಆಮಂತ್ರಣ ಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವರದಿ ಟೈಪ್ ಮಾಡುವವಳು. ಆದರೂ ಒಂದು ಮಾತು ಹೇಳಬೇಕು ಅನ್ನಿಸಿತು.

ನನ್ನ ಅನ್ನ ಇನ್ನೂ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ. ಅದು 1985ರಲ್ಲಿ ಹುಟ್ಟಿದ್ದು ನಿಮ್ಮ ಮ್ಯಾಕಿನ ಮೇಲೆಯೇ, ಗೊತ್ತುಂಟಾ? ಮಾಡಿದ್ದು ಆಲ್ಡಸ್ ಅನ್ನುವ ಕಂಪನಿ. 1994ರಲ್ಲಿ ಅಡೋಬಿ ಅದನ್ನು ಕೊಂಡಿತು. ಕೊನೆಯ ದೊಡ್ಡ ಆವೃತ್ತಿ 7.0, 2001ರಲ್ಲಿ. ಆಮೇಲೆ ಇಲ್ಲ. ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಆದರೆ ಕನ್ನಡದ ಹಳೆಯ ಫಾಂಟ್‌ಗಳು ಅದರಲ್ಲಿ ಕೂರುವ ಹಾಗೆ ಬೇರೆ ಕಡೆ ಕೂರುವುದಿಲ್ಲ ಅಂತ ನಮ್ಮ ಕಸುಬಿನವರು ಅದನ್ನು ಬಿಡುತ್ತಿಲ್ಲ. ನನ್ನ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ವಿಂಡೋಸ್ ಎಕ್ಸ್‌ಪಿ ಮೆಷಿನ್ ಉಂಟು. ಇಂಟರ್ನೆಟ್ ಕೊಡದೆ, ಪೆನ್ ಡ್ರೈವ್ ಕೂಡ ಕೇಳಿ ಹಾಕಿಸಿಕೊಂಡು, ಮಡಿಯಲ್ಲಿ ಇಟ್ಟ ಹಾಗೆ ಇಟ್ಟಿದ್ದೇನೆ.

ನಿಮ್ಮದು ನಾಲ್ಕು ವರ್ಷ, ಆರು ವರ್ಷದ ಬೇಸರ. ನನ್ನದಕ್ಕೆ ಇಪ್ಪತ್ತು ದಾಟಿತು.

ಮತ್ತೆ ನೋಡಿ ಅಣ್ಣ, ಚಂದ್ರಗಿರಿ ಹೊಳೆಯ ಬಡಗಿನ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂದ ಮಹಾಜನ ವರದಿಯ ಜಾರಿಯನ್ನು 1967ರಿಂದ ಕಾಯುತ್ತಿರುವ ಊರಿನವರು ನಾವು. ಚಂದ್ರಗಿರಿಯ ಬಡಗು ಬದಿಯಲ್ಲಿ ಕೂತುಕೊಂಡು ಒಂದು ಮ್ಯಾಕ್ ಪ್ರೋಗೆ ಆರು ವರ್ಷ ಕಾದದ್ದನ್ನು ದೊಡ್ಡ ಸಂಗತಿ ಅಂತ ಹೇಳಬಾರದು!

*

ತಲಪಾಡಿ ದಾಟಿದವ

ನಾನು ಪಿಸಿಗೆ ಹೋದವ. ಅಲ್ಲಿ ಸ್ವರ್ಗ ಉಂಟು ಅಂತ ತಿಳಿಯಬೇಡಿ. ಮೊದಲು ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ, ಕಂಪನಿಯ ಹೆಸರು ಬೇಡ. ಹದಿನಾಲ್ಕು ತಿಂಗಳಿಗೆ ಹಿಂಜ್ ಕಿತ್ತು ಬಂತು. ವಾರಂಟಿ ಹನ್ನೆರಡು ತಿಂಗಳು. ಸರ್ವಿಸ್‌ನವರು ನಾನೇ ಬೀಳಿಸಿದ್ದು ಅಂದರು. ಆಮೇಲೆ ಡೆಸ್ಕ್‌ಟಾಪ್ ಕಟ್ಟಿಸಿದೆ, ಅದು ಸರಿ ಇದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಸುಮ್ನೆ ಕೂತವನಿಗೆ ಅಲ್ಲೂ ಜಾಗ ಇಲ್ಲ.

ಒಂದು ಲಾಭ ಮಾತ್ರ ಹೇಳುತ್ತೇನೆ. ಡಿಸ್ಕ್ ತುಂಬಿದರೆ ಇನ್ನೊಂದು ಸಿಕ್ಕಿಸುತ್ತೇನೆ. ಗ್ರಾಫಿಕ್ಸ್ ಸಾಲದಿದ್ದರೆ ಕಾರ್ಡ್ ಬದಲಿಸುತ್ತೇನೆ. ಯಾರಾದರೂ ವೇದಿಕೆ ಹತ್ತಿ ಘೋಷಿಸಲಿ ಅಂತ ಕಾಯಬೇಕಾಗಿಲ್ಲ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಮಲ್ಟಿಕ್ಯಾಮ್ ಉಂಟು, ಅಲ್ಟ್ರಾ ಎಚ್‌ಡಿವರೆಗೆ ಕೆಲಸ ಆಗುತ್ತದೆ. ದುಡ್ಡಿನದ್ದು ಬೇಕಾದರೆ 295 ಡಾಲರ್, ಒಂದೇ ಸಲ. ನಿಮ್ಮ ಲೈಬ್ರರಿಗಳನ್ನು ಫೈನಲ್ ಕಟ್‌ನಿಂದ ಎಕ್ಸ್‌ಎಂಎಲ್ (ಬೇರೆ ಸಾಫ್ಟ್‌ವೇರೂ ಓದಬಲ್ಲ ಕಡತ) ಮಾಡಿ ತೆಗೆದಿಡಿ, ರಿಸಾಲ್ವ್ ಅದನ್ನು ಓದುತ್ತದೆ. ಬಣ್ಣ, ಟೈಟಲ್, ಎಫೆಕ್ಟ್ ಎಲ್ಲ ಹಾಗೇ ಬರುತ್ತದೆ ಅಂತ ನಂಬಬೇಡಿ. ಕತ್ತರಿಸಿದ ಜಾಗ ಉಳಿಯುತ್ತದೆ, ಅದೇ ಮುಖ್ಯ ಅಲ್ವಾ? ಯಾವ ಮೆಷಿನ್ ತೆಗೆದುಕೊಂಡರೂ ಈ ಕೆಲಸ ಇದೇ ಮಳೆಗಾಲದಲ್ಲಿ ಮಾಡಿ ಮುಗಿಸಿ.

*

ಚೆಂಡೆಪೆಟ್ಟು

ಮೂರು ಕ್ಯಾಮೆರಾದ ಆಟದ ಲಿಂಕ್ ಎಲ್ಲಿ? ಕಂಪ್ಯೂಟರ್ ಚರ್ಚೆ ಆಮೇಲೆ ಮಾಡುವ.

*

ರಾತ್ರಿಯಾಟ

ಎಲ್ಲರಿಗೂ ಉಪಕಾರ. ಕರೆಂಟ್ ಇರಲಿಲ್ಲ, ಹಾಗಾಗಿ ಎರಡು ದಿನ ತಡ.

ಮಾಣಿ ಅಂತ ಹೆಸರಿಟ್ಟುಕೊಂಡದ್ದಕ್ಕೆ ನೀನು ಅನ್ನುತ್ತೇನೆ, ಬೇಸರ ಮಾಡಬೇಡ. ನಿನ್ನ ಎಂಟು ರೂಪಾಯಿಯ ಲೆಕ್ಕ ಓದಿ ನನಗೆ ನನ್ನ ಮೂರನೆಯ ಕ್ಯಾಮೆರಾ ನೆನಪಾಯಿತು. ಜನ ನೋಡುವುದು ಕಿರೀಟವನ್ನು, ದುಡ್ಡು ಬರುವುದೂ ಅದರಿಂದಲೇ. ಹಿಮ್ಮೇಳದ ಕಡೆ ಕ್ಯಾಮೆರಾ ಬೇಕಾ ಅಂತ ಲೆಕ್ಕ ಬರೆಯುವವನಿಗೆ ಅನ್ನಿಸುವುದು ಸಹಜ. ಆದರೆ ಆ ಫೋನಿನೊಳಗೆ ಓಡುವ ಆ್ಯಪ್ ಬರೆಯುವವರು ಕೂರುವುದು ಮ್ಯಾಕಿನ ಮುಂದೆ, ಅಲ್ವಾ? ಅವರಿಗೂ ನನಗೂ ಬೇಕಾದ್ದು ಚಕ್ರವೂ ಅಲ್ಲ, ಸ್ಟ್ಯಾಂಡೂ ಅಲ್ಲ. ಮುಂದಿನದು ಬರುತ್ತದಾ, ಬಂದರೆ ಯಾವಾಗ, ಇಲ್ಲದಿದ್ದರೆ ಇಲ್ಲ ಅಂತ ಒಂದು ಮಾತು. ಮೇಳದವರು ಕೂಡ ತಿರುಗಾಟದ ಪಟ್ಟಿ ಮೊದಲೇ ಕೊಡುತ್ತಾರೆ. 2013ರಿಂದ 2017ರವರೆಗೆ ಆ ಕಪ್ಪು ಡಬ್ಬಿಯನ್ನು ಅದೇ ಬೆಲೆಗೆ ಮಾರುತ್ತಾ ಸುಮ್ಮನಿದ್ದರಲ್ಲ, ನನಗೆ ದೊಡ್ಡದು ಅನ್ನಿಸಿದ್ದು ಆ ಮೌನ.

ಅಕ್ಕನ ಮಹಾಜನ ವರದಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಗಾಡಿದೆ, ಆಮೇಲೆ ಸ್ವಲ್ಪ ಸುಮ್ಮನೆ ಕೂತೆ.

ಏನು ಮಾಡುತ್ತೇನೆ ಅಂದರೆ, ಎಂ4 ಮಿನಿ ತೆಗೆದುಕೊಳ್ಳುತ್ತೇನೆ, 59,900ರದ್ದೇ. ಒಳಗಿನ 256 ಜಿಬಿ ನನ್ನ ಲೆಕ್ಕದಲ್ಲಿ ಎರಡು ಗಂಟೆಯ ಆಟಕ್ಕೂ ಸಾಲದು. ಪೂರ್ವರಂಗ ಮುಗಿದು ಪ್ರಸಂಗ ಕಾವೇರುವಾಗ ಡಿಸ್ಕ್ ತುಂಬಿತು. 512 ಬೇಕಾದರೆ 79,900 ಕೇಳಿದರು. ಬರೀ 256 ಜಿಬಿಗೆ ಇಪ್ಪತ್ತು ಸಾವಿರ! ಅದೇ ದುಡ್ಡಿಗೆ ಹೊರಗಿನ ಎಸ್‌ಎಸ್‌ಡಿ ಎಷ್ಟು ದೊಡ್ಡದು ಬರುತ್ತದೆ ಅಂತ ನಿಮಗೇ ಗೊತ್ತು. ಹೊರಗಿನದೇ ಸಿಕ್ಕಿಸುತ್ತೇನೆ.

ಮಂಗಳೂರಿಗೆ ಹೋಗಿ ಮುಟ್ಟಿ ನೋಡಿ ಬಂದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಪವರ್ ಬಟನ್ ಮಾತ್ರ ಅಡಿಯಲ್ಲಿ ಇಟ್ಟಿದ್ದಾರೆ. ಕೋಳಿಯ ಅಡಿಗೆ ಕೈ ಹಾಕಿ ಮೊಟ್ಟೆ ತೆಗೆದ ಹಾಗೆ ಮೆಷಿನ್ ಎತ್ತಿ ಒತ್ತಬೇಕು. ಇದನ್ನು ಕೂತು ಯೋಚಿಸಿದವರು ಯಾರೋ.

2018ರದ್ದನ್ನು ಕ್ಯಾಮೆರಾ ಕಾರ್ಡ್ ಇಳಿಸಲು, ಅಪ್‌ಲೋಡ್ ಮಾಡಲು ಇಡುತ್ತೇನೆ. ಎಕ್ಸ್‌ಎಂಎಲ್ ಕೆಲಸ ನಿನ್ನೆಯೇ ಶುರು ಮಾಡಿದೆ. ಎರಡು ಸೀಸನ್‌ನದ್ದು ಆಯಿತು. ರಿಸಾಲ್ವ್ ಕೂಡ ಇಳಿಸಿಟ್ಟಿದ್ದೇನೆ, ಎಂ4ನಲ್ಲೇ ಕಲಿಯುತ್ತೇನೆ. ಮೊದಲಾಗಿದ್ದರೆ ಇದು ನನಗೆ ಹೊಳೆಯುತ್ತಲೂ ಇರಲಿಲ್ಲ. ಒಂದು ಕಾಲು ಆಚೆ ಇಟ್ಟುಕೊಂಡೇ ಈಚೆ ನಿಲ್ಲುವುದು, ಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

*

ಅಚ್ಚಿನಮನೆ ಅಕ್ಕ, ಉಪ್ಪಳ

ಹೊಸದು ಬಂದ ಮೇಲೆ ಆ 2012ರದ್ದನ್ನು ಕೊಡುತ್ತೀರಾ? ಮಗ ಕೇಳುತ್ತಿದ್ದಾನೆ. ಕ್ರಯ ಹೇಳಿ.

*

ರಾತ್ರಿಯಾಟ

ಅದನ್ನು ಕೊಡುವುದಿಲ್ಲ ಅಕ್ಕ, ಬೇಸರಿಸಬೇಡಿ. ಮೂರರಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವುದು ಈಗ ಅದೇ.

ಹಳೆಯ ಕ್ಯಾಮೆರಾ ಜೋಡಿಸುವ ಫೈರ್‌ವೈರ್ ಕಿಂಡಿ ಇರುವುದು ಅದರಲ್ಲಿ ಮಾತ್ರ. 2014ರ ಮಿನಿಯಲ್ಲೇ ಅದನ್ನು ತೆಗೆದರು. ಈಗ ಟಾಹೋದಲ್ಲಿ ಅಡಾಪ್ಟರ್ ಹಾಕಿದರೂ ಫೈರ್‌ವೈರ್ ಕೆಲಸ ಮಾಡುವುದಿಲ್ಲವಂತೆ. ನನ್ನ ಹಳೆಯ ಆಟಗಳೆಲ್ಲ ಮಿನಿ ಡಿವಿ ಕ್ಯಾಸೆಟ್‌ನಲ್ಲಿ ಇವೆ. ಅದು ಕಂಪ್ಯೂಟರಿಗೆ ಇಳಿಯಬೇಕಾದರೆ ಫೈರ್‌ವೈರೇ ಬೇಕು, ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಮಗಳು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದು ಹಾಕಿ ಹೋಗುತ್ತಾಳೆ, ಊಟದ ಹೊತ್ತಿಗೆ ನಾನು ಬದಲಿಸುತ್ತೇನೆ, ರಾತ್ರಿ ಇನ್ನೆರಡು. ಈ ಮಳೆಗೆ ಎಂಟು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಅಕ್ಕಿ ಡಬ್ಬಿಯೊಳಗೆ ಇಟ್ಟು ಒಣಗಿಸಿ ನೋಡುತ್ತಿದ್ದೇನೆ.

ಆಗ ಕ್ಯಾಮೆರಾ ನನ್ನ ಹತ್ತಿರ ಒಂದೇ ಇತ್ತು. ಹಾಗಾಗಿ ಹೆಚ್ಚಿನದರಲ್ಲಿ ವೇಷ ಮಾತ್ರ ಕಾಣುತ್ತದೆ. ಭಾಗವತರು ತೀರಿಹೋಗಿದ್ದಾರೆ, ಕ್ಯಾಸೆಟ್ಟಿನಲ್ಲಿ ಸ್ವರ ಉಂಟು, ಮುಖ ಇಲ್ಲ. ಎಲ್ಲೋ ಒಂದೊಂದು ಕಡೆ ವೇಷ ಸುತ್ತು ತಿರುಗುವಾಗ ಕ್ಯಾಮೆರಾ ಸ್ವಲ್ಪ ಜಾರಿ, ಹಿಂದೆ ಕೂತವರ ಮುಂಡಾಸು ಕಾಣುತ್ತದೆ. ಅಂಥ ಜಾಗ ಬಂದರೆ ಮಗಳು ಸಮಯ ಬರೆದಿಡುತ್ತಾಳೆ.

ಇನ್ನು ನೂರ ನಲವತ್ತೆರಡು ಕ್ಯಾಸೆಟ್ ಬಾಕಿ ಉಂಟು. ಚೆಂಡೆಪೆಟ್ಟು ಅವರೇ, ಲಿಂಕ್ ರಾತ್ರಿ ಹಾಕುತ್ತೇನೆ, ಈಗ ನೆಟ್ ಇಲ್ಲಿ ಮಳೆಯ ಲೆಕ್ಕದಲ್ಲಿ ಬರುತ್ತಾ ಹೋಗುತ್ತಾ ಉಂಟು.